ಎಣ್ಣೆ ಇಡದ ಮನೆ

ಧನ್ಯಶ್ರೀ ನನ್ನ ಕೈಯಿಂದ ತಿನ್ನುವುದನ್ನು ಬಿಟ್ಟದ್ದು ವರಮಹಾಲಕ್ಷ್ಮಿ ಹಬ್ಬ ಮುಗಿದ ವಾರದಲ್ಲಿ.

ಸಂಜೆ ಟ್ಯೂಷನ್ ಮುಗಿದ ಮೇಲೆ ಬೀದಿಯ ಮಕ್ಕಳಿಗೆಲ್ಲ ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಕೊಡುವುದು ನಮ್ಮ ಜಗಲಿಯ ಪದ್ಧತಿ. ಎಲ್ಲರಿಗಿಂತ ಮೊದಲು ಕೈ ಒಡ್ಡುತ್ತಿದ್ದವಳು ಅವಳೇ. ಎರಡು ಜಡೆ, ಮೂರನೇ ಕ್ಲಾಸು, ಮುಂದಿನ ಹಲ್ಲೊಂದು ಇನ್ನೂ ಅರ್ಧವೇ ಬಂದಿತ್ತು. ಆ ಸಂಜೆ ನಾನು ಕೊಬ್ಬರಿ ಹಿಡಿದು ಹೋದರೆ ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ಬ್ಯಾಡ ಮಿಸ್."

"ಯಾಕಮ್ಮ, ಹಲ್ಲು ನೋವಾ?"

"ಬ್ಯಾಡ ಅಷ್ಟೆ."

ನನ್ನ ಮುಖ ನೋಡಲಿಲ್ಲ. ಚೀಲ ಎತ್ತಿಕೊಂಡು ಗೇಟಿನ ಹತ್ತಿರ ಹೋಗಿ ಅಪ್ಪನಿಗಾಗಿ ಕಾಯುತ್ತ ನಿಂತಳು. ಹಿಂದಿನ ದಿನವಷ್ಟೇ ಅವಳ ಅಜ್ಜಿ ಗುರುಸಿದ್ದಮ್ಮ ನಮ್ಮ ಮನೆಗೆ ಬಂದು, ತಮ್ಮ ಮಗ ದಯಾನಂದನಿಗೆ ನನ್ನನ್ನು ಕೇಳಿ ಹೋಗಿದ್ದರು.

ದಯಾನಂದ್ ಎಂದರೆ ಧನ್ಯಳ ಅಪ್ಪ. ಬಿಳಿಗೆರೆಯಲ್ಲಿ ಅವರ ತೆಂಗಿನ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಒಂದೇ ಬೇಲಿ. ಎದುರಿಗೆ ‘ರೀ’ ಎಂದು ಕರೆದರೂ ಮನಸ್ಸಿನಲ್ಲಿ ನನಗೆ ಅವನು ‘ಅವನು’. ಮಾತು ಕಡಿಮೆ. ನಾನೋ, ಇಬ್ಬರ ಪಾಲಿನ ಮಾತನ್ನೂ ಒಬ್ಬಳೇ ಆಡಿ ಮುಗಿಸುವವಳು. ತಿಪಟೂರಿನ ನರ್ಸರಿ ಶಾಲೆಯಲ್ಲಿ ಮೂವತ್ತು ಮಕ್ಕಳನ್ನು ಸುಮ್ಮನಿರಿಸುವ ಗಂಟಲು ನನ್ನದು. ಕಾಯಿಲೆಯ ಅಮ್ಮನನ್ನು ನೋಡಿಕೊಳ್ಳುತ್ತ ನನ್ನ ಮದುವೆಯ ವಯಸ್ಸು ಎತ್ತಲೋ ಹೋಯಿತು. ಅಮ್ಮ ಹೋದ ಮೇಲೆ ಮನೆಯಲ್ಲಿ ಉಳಿದವರು ಅಪ್ಪ ಮತ್ತು ನಾನು.

ಮಗಳನ್ನು ಕರೆದುಕೊಂಡು ಹೋಗಲು ದಯಾನಂದ್ ದಿನಾ ಸಂಜೆ ಬೈಕಿನಲ್ಲಿ ಬರುತ್ತಿದ್ದ. ಗೇಟಿನ ಹೊರಗೆ ನಿಲ್ಲಿಸಿಕೊಂಡಿರುತ್ತಿದ್ದ, ಎಂಜಿನ್ ಮಾತ್ರ ಆಫ್ ಮಾಡುತ್ತಿರಲಿಲ್ಲ.

"ಆಫ್ ಮಾಡಿದ್ರೆ ಗಾಡಿ ಕದ್ಕೊಂಡು ಹೋಗ್ತೀನಿ ಅಂತ ಭಯಾನಾ?" ಎಂದು ಒಮ್ಮೆ ಕೇಳಿದೆ.

"ಆಫ್ ಮಾಡುದ್ರೆ ಆಮೇಲೆ ಹೋಗಕ್ಕೆ ಮನ್ಸು ಬರಲ್ಲ ಮೇಡಂ," ಎಂದುಬಿಟ್ಟ.

ಹೇಳಿದ ಮೇಲೆ ಅವನ ಕಿವಿ ಕೆಂಪಾದದ್ದನ್ನು ನಾನು ಬೀದಿ ದೀಪದ ಬೆಳಕಿನಲ್ಲೂ ನೋಡಿದೆ. ಅಂದಿನಿಂದ ನಾಲ್ಕು ಗಂಟೆಗೇ ನಾನು ತಲೆ ಬಾಚಿಕೊಳ್ಳತೊಡಗಿದೆ.

ಗುರುಸಿದ್ದಮ್ಮನವರನ್ನು ನಾನು ಚಿಕ್ಕಂದಿನಿಂದಲೂ ಅತ್ತೆ ಎಂದೇ ಕರೆದದ್ದು, ಊರ ವರಸೆಯಲ್ಲಿ. ಕೇಳಲು ಬಂದ ದಿನ ಅವರು ಒಂದು ಮಾತು ಸ್ಪಷ್ಟವಾಗಿ ಹೇಳಿದ್ದರು. "ಧನ್ಯ ಒಪ್ಪುದ್ರೆ ಕಾರ್ತೀಕದಲ್ಲಿ ಮದ್ವೆ ಕಣವ್ವ. ಒಪ್ನಿಲ್ವಾ, ನಾನು ಬಲವಂತ ಮಾಡಕಿಲ್ಲ. ತಾಯಿ ಇಲ್ದ ಕೂಸು ಅದು."

ನಾನೂ ಒಪ್ಪಿದ್ದೆ. ಧನ್ಯ ನನ್ನನ್ನು ಕಂಡರೆ ಕುಣಿದುಕೊಂಡು ಬರುವವಳು, ಅವಳೊಬ್ಬಳ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಈಗ ಅವಳೇ ಗೇಟಿನ ಹತ್ತಿರ ನನಗೆ ಬೆನ್ನು ಮಾಡಿ ನಿಂತಿದ್ದಳು. ಬೈಕು ಬಂತು. ದಯಾನಂದ್ ಕಣ್ಣಲ್ಲೇ ಏನಾಯಿತೆಂದು ಕೇಳಿದ.

"ಕೊಬ್ಬರಿ ಬೇಡವಂತೆ."

"ಮನೇಲೂ ನೆನ್ನೆಯಿಂದ ಮಾತಿಲ್ಲ ಮೇಡಂ."

ಧನ್ಯ ಬೈಕು ಹತ್ತಿ ಅಪ್ಪನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದುಕೊಂಡಳು. ಮಾರನೆಯ ದಿನದಿಂದ ಟ್ಯೂಷನ್ನಿಗೇ ಬರಲಿಲ್ಲ.

* * *

ಭಯ ಎಂಬುದು ನನಗೆ ಅಷ್ಟಾಗಿ ಗೊತ್ತಿರಲಿಲ್ಲ. ಆ ಶ್ರಾವಣದಲ್ಲಿ ಚೆನ್ನಾಗಿ ಗೊತ್ತಾಯಿತು.

ದಯಾನಂದನ ಹೆಂಡತಿ ಆಶಾ ತೀರಿಹೋದದ್ದು ಗೌರಿ ಹಬ್ಬದ ಬೆಳಿಗ್ಗೆ, ಹಾವು ಕಚ್ಚಿ. ಆಗ ಧನ್ಯಳಿಗೆ ಮೂರು ತುಂಬಿತ್ತಷ್ಟೆ. ಹಬ್ಬದ ದಿನ ಸಾವಾದ ಮನೆಗೆ ಆ ಹಬ್ಬ ನಿಂತುಹೋಗುತ್ತದೆ. ಒಲೆಯ ಮೇಲೆ ಎಣ್ಣೆ ಬಾಣಲೆ ಇಡುವ ಹಾಗಿಲ್ಲ, ಕರ್ಜಿಕಾಯಿ ಕರಿಯುವ ಹಾಗಿಲ್ಲ. ಅಕ್ಕಪಕ್ಕದವರು ಒಂದು ತಟ್ಟೆ ಕಳಿಸಿದರೆ ಉಂಟು. ಮುಂದೆ ಯಾವತ್ತಾದರೂ ಅದೇ ಹಬ್ಬದ ದಿನ ಆ ಮನೆಯಲ್ಲೊಂದು ಮಗು ಹುಟ್ಟಬೇಕು, ಇಲ್ಲವೇ ಕೊಟ್ಟಿಗೆಯಲ್ಲೊಂದು ಕರು ಹುಟ್ಟಬೇಕು. ಆಗ ಮಾತ್ರ ಹಬ್ಬ ವಾಪಸು ಬರುತ್ತದೆ.

ಅಂದಿನಿಂದ ಗೌರಿ ಹಬ್ಬದ ದಿನ ಆ ಮನೆ ಮಾತ್ರ ಬೀದಿಯಲ್ಲಿ ಹೊಗೆಯಾಡದೆ ಕೂತಿರುತ್ತಿತ್ತು. ನಾವು ಕಳಿಸಿದ ತಟ್ಟೆಯನ್ನು ಧನ್ಯ ಮುಟ್ಟುತ್ತಲೂ ಇರಲಿಲ್ಲವಂತೆ.

ಮದುವೆಯ ಮಾತು ಊರಲ್ಲಿ ಹರಡಿತು. ನಲ್ಲಿಯ ಹತ್ತಿರ ಹೆಂಗಸರು ನನ್ನನ್ನು ನೋಡಿ ದನಿ ತಗ್ಗಿಸಿದರು. ಸಾಕಷ್ಟು ತಗ್ಗಿಸಲಿಲ್ಲ. "ಆ ಮನೆ ಒಲೆ ಮುಂದಕ್ಕೆ ಹೋಗಕ್ಕೆ ಗುಂಡಿಗೆ ಬೇಕು ಕಣೇ. ಗೌರಿ ಮುನಿಸ್ಕಂಡವ್ಳೆ ಅಲ್ಲಿ." ನಾನು ನಕ್ಕು ಬಿಂದಿಗೆ ಎತ್ತಿಕೊಂಡು ಬಂದೆ. ಆಮೇಲೆ ಬಚ್ಚಲಿಗೆ ಹೋಗುವಾಗಲೂ ನೆಲ ನೋಡಿಕೊಂಡು ನಡೆಯುವ ಅಭ್ಯಾಸವಾಯಿತು. ತೋಟದಲ್ಲಿ ಬಿದ್ದ ಗರಿಯ ನೆರಳು ಅಲ್ಲಾಡಿದರೂ ಮೈ ಜುಮ್ಮೆನ್ನುತ್ತಿತ್ತು. ಒಬ್ಬ ಗಂಡಸನ್ನು ಇಷ್ಟಪಟ್ಟ ಮೇಲೆಯೇ ನಾನು ನನ್ನ ಸಾವಿನ ಬಗ್ಗೆ ಯೋಚಿಸಿದ್ದು.

ಅವನ ಭಯ ಇನ್ನೊಂದು ಬಗೆಯದು. ಒಂದು ಸಂಜೆ ಬೇಲಿಯ ಹತ್ತಿರ ಸಿಕ್ಕ. ಅವರ ಹಸು ಕೆಂಪಿ ತುಂಬು ಗಬ್ಬ, ಗೌರಿ ಹಬ್ಬದ ಆಸುಪಾಸಿನಲ್ಲೇ ಕರು ಹಾಕುವುದಿತ್ತು. ಗುರುಸಿದ್ದಮ್ಮ ಹಗಲೂ ರಾತ್ರಿ ಅದರ ಮುಂದೆಯೇ ಕೂತಿರುತ್ತಿದ್ದರು.

"ಕೆಂಪಿ ಏನಂತಾಳೆ?" ಎಂದೆ.

"ನಿಮ್ಮನ್ನೇ ಕೇಳ್ತಿದ್ಲು."

"ಏನಂತ?"

"ನಮ್ಮನೆಗೆ ಯಾವಾಗ ಬತ್ತಾರೆ ಅಂತ."

"ಬಾಯಿ ಇರೋರು ಕೇಳ್ಲಿ ಅಂತ ಹೇಳಿ ನಿಮ್ಮ ಹಸುಗೆ."

ಅವನು ನಕ್ಕ. ನಕ್ಕಾಗ ಎಡಗೆನ್ನೆಯಲ್ಲೊಂದು ಗುಳಿ ಬೀಳುತ್ತದೆ, ಅದನ್ನು ನೋಡಲೆಂದೇ ನಾನು ಇಷ್ಟೊಂದು ಮಾತಾಡುವುದು. ಮರುಕ್ಷಣ ಅವನ ಕಣ್ಣು ನನ್ನ ಪಾದದ ಹತ್ತಿರದ ಹುಲ್ಲಿಗೆ ಹೋಯಿತು, ನಗು ಆರಿಹೋಯಿತು.

"ಮೇಡಂ, ಈ ಕಡೆ ಬರಬ್ಯಾಡಿ. ಹುಲ್ಲು ಜಾಸ್ತಿ ಆಗೈತೆ."

ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ನಮ್ಮ ಹಿತ್ತಿಲಿನಿಂದ ಬೇಲಿಯವರೆಗೂ ಹುಲ್ಲನ್ನೆಲ್ಲ ಕೊಯ್ದು ಹಾಕಿದ್ದ. ನನಗೆ ಅಳು ಬಂತು. ಇಷ್ಟೊಂದು ಭಯಪಡುವವನ ಮನೆಗೆ ನಾನು ಹೇಗೆ ಹೋಗಲಿ, ಹೋಗದೆ ಹೇಗಿರಲಿ?

* * *

ಗೌರಿ ಹಬ್ಬದ ಬೆಳಿಗ್ಗೆ ಗುರುಸಿದ್ದಮ್ಮ ತಲೆಗೂದಲು ಕಟ್ಟದೆಯೇ ನಮ್ಮ ಬಾಗಿಲಿಗೆ ಬಂದರು.

"ಮಂಗಳಾ! ಕೆಂಪಿ ಕರು ಹಾಕುದ್ಲು ಕಣವ್ವ, ಹೆಣ್ಗರು! ಈಗ, ಕೋಳಿ ಕೂಗೋ ಹೊತ್ನಲ್ಲಿ. ನಮ್ಮನೆ ಹಬ್ಬ ವಾಪಸ್ ಬಂತು!" ಎರಡು ಕೈಯಲ್ಲೂ ನನ್ನ ಮುಖ ಹಿಡಿದುಕೊಂಡರು. "ಇವತ್ತು ಬಾಂಡ್ಲಿ ನಿನ್ ಕೈಲೇ ಇಡುಸ್ತೀನಿ. ಬೀದಿ ಮಕ್ಕಳ್ನೆಲ್ಲ ಕರ್ಕೊಂಡ್ ಬಾ. ಮಗೀಗೂ ಮನ್ಸು ಕರಗ್ಲಿ."

ಅವರ ಕಣ್ಣಲ್ಲಿ ನೀರಿತ್ತು. ಬೇಡ ಎನ್ನಲು ಬಾಯಿ ಬರಲಿಲ್ಲ.

ಅವರ ಮನೆಯ ಹಿತ್ತಿಲ ಪಡಸಾಲೆಯಲ್ಲಿ ಚಾಪೆ ಹಾಸಿ ಮಕ್ಕಳನ್ನೆಲ್ಲ ಸುತ್ತ ಕೂರಿಸಿದೆ. ನಮ್ಮ ಬೀದಿಯಲ್ಲಿ ಕರ್ಜಿಕಾಯಿಯ ಅಂಚು ಒತ್ತುವುದು ಯಾವತ್ತೂ ಮಕ್ಕಳ ಕೆಲಸ. ಚಿರೋಟಿ ರವೆಯ ಕಣಕ ನಾದಿಟ್ಟೆ. ಕೊಬ್ಬರಿ ತುರಿ, ಸಕ್ಕರೆ ಪುಡಿ, ಹುರಿಗಡಲೆ ಪುಡಿ, ಗಸಗಸೆ, ಏಲಕ್ಕಿ ಬೆರೆಸುವಾಗ ಪಡಸಾಲೆಯೆಲ್ಲ ಘಮ್ಮೆಂದಿತು. ಪಕ್ಕದ ಮನೆಯ ಪುಟ್ಟ ಹುಡುಗಿ ಹೂರಣವನ್ನು ಕರ್ಜಿಕಾಯಿಗಿಂತ ಬಾಯಿಗೇ ಹೆಚ್ಚು ತುಂಬುತ್ತಿದ್ದಳು.

"ಜಾಸ್ತಿ ತುಂಬಬೇಡ್ರೋ, ಎಣ್ಣೇಲಿ ಬಾಯಿ ಬಿಡ್ತವೆ. ಅಂಚಿಗೆ ಹಾಲು ಸವ್ರಿ ಒತ್ತಿ. ಗಟ್ಟಿಯಾಗಿ."

"ಮಿಸ್, ನಂದು ಇಲಿ ತರ ಆಯ್ತು!"

"ನಾಳೆ ಗಣಪ ಬರ್ತಾನಲ್ಲ, ಅವನಿಗೆ ಬೇಕಾಗುತ್ತೆ, ಇಡು."

ದಯಾನಂದ್ ತುರಿಯುವ ಮಣೆಯ ಮುಂದೆ ಕೂತು ಕೊಬ್ಬರಿ ತುರಿಯುತ್ತಿದ್ದ. ಒಂದು ತಟ್ಟೆ ತಂದುಕೊಟ್ಟ. ಕೊಡುವಾಗ ನನ್ನ ಬೆರಳಿಗೆ ಅವನ ಬೆರಳು ತಾಗಿತು, ತೆಗೆಯಲು ಇಬ್ಬರೂ ಸ್ವಲ್ಪ ತಡಮಾಡಿದೆವು.

"ಕೊಬ್ರಿ ಸಾಕಾ ಮೇಡಂ?"

"ಸಾಕು."

ಸ್ವಲ್ಪ ಹೊತ್ತಿಗೆ ಮತ್ತೆ ಬಂದ. "ಇನ್ನೂ ಬೇಕಾ?"

"ಸಾಕು ಅಂದೆನಲ್ರೀ."

"ಮಿಸ್, ಅಂಕಲ್ಲು ಸುಮ್‌ಸುಮ್ನೆ ಬತ್ತಾವ್ರೆ!" ಎಂದು ಇಲಿಯ ಹುಡುಗ ಕೂಗಿದ. ಮಕ್ಕಳೆಲ್ಲ ಕಿಸಕ್ಕೆಂದು ನಕ್ಕರು. ನಾನು ತಲೆ ತಗ್ಗಿಸಿ ಸುಮ್ಮಸುಮ್ಮನೆ ಕಣಕ ನಾದಿದೆ.

ಧನ್ಯ ಮಾತ್ರ ಬರಲಿಲ್ಲ. ಬೆಳಿಗ್ಗೆಯಿಂದ ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಕೂತಿದ್ದವಳು ಅಲ್ಲಿಂದಲೇ ನನ್ನ ಪ್ರತಿಯೊಂದು ಕೆಲಸವನ್ನೂ ನೋಡುತ್ತಿದ್ದಳು. ಎಂಟು ವರ್ಷದ ಮಗು ಹಾಗೆ ನೋಡಬಾರದು. ನಾನು ಕರೆದರೆ ಕರುವಿನ ಕತ್ತಿನಲ್ಲಿ ಮುಖ ಹುದುಗಿಸಿದಳು. ಇವಳಿಗೆ ನಾನು ಬೇಡ, ಇಷ್ಟರಲ್ಲೇ ಎಲ್ಲ ಮುಗಿಯಿತು ಎನ್ನಿಸಿತು.

ಹಿತ್ತಿಲ ದೊಡ್ಡ ಒಲೆಗೆ ದಯಾನಂದ್ ಬೆಂಕಿ ಹಾಕಿದ. ಕಾಯಿ ಸುಲಿದ ಮಟ್ಟೆಯನ್ನು ರಾಶಿಯಿಂದ ತರಲು ಬೇರೆ ಯಾರನ್ನೂ ಬಿಡಲಿಲ್ಲ, ಬುಟ್ಟಿಗಟ್ಟಲೆ ತಾನೇ ಹೊತ್ತು ತಂದ. ಗುರುಸಿದ್ದಮ್ಮ ಅಟ್ಟದಿಂದ ಬಾಣಲೆ ಇಳಿಸಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ ನನ್ನ ಕೈಗೆ ಕೊಟ್ಟರು. ಬೇಲಿಯ ಆಚೆ ನಲ್ಲಿಯ ಹೆಂಗಸರಿಬ್ಬರು ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

ಬಾಣಲೆಯನ್ನು ಒಲೆಯ ಮೇಲಿಟ್ಟೆ. ಎಣ್ಣೆ ಸುರಿದೆ. ದಯಾನಂದ್ ನನ್ನ ಪಕ್ಕದಲ್ಲೇ ಬಂದು ನಿಂತ, ಕೈಗೆಟುಕುವಷ್ಟು ಹತ್ತಿರ. ಮುಖ ಬೆಳ್ಳಗಾಗಿತ್ತು. ಎಣ್ಣೆ ಕಾದು ಸಣ್ಣಗೆ ಹೊಗೆಯಾಡಿತು. ಮೊದಲ ಕರ್ಜಿಕಾಯಿ ತೆಗೆದುಕೊಂಡೆ. ಅಂಚು ಬಿಟ್ಟುಕೊಂಡಿತ್ತು, ಮತ್ತೆ ಒತ್ತಿದೆ. ಗೌರಮ್ಮ, ಕಾಪಾಡು ಎಂದುಕೊಂಡು ಬಗ್ಗಿದೆ.

ಅಷ್ಟರಲ್ಲಿ ಯಾರೋ ಓಡಿ ಬಂದ ಸದ್ದು. ಹಿಂದೆಯೇ ಬಿಂದಿಗೆ ನೀರು ಧಡಾರನೆ ಒಲೆಯ ಬಾಯಿಗೆ ಬಿತ್ತು.

ಬೂದಿ, ಹಬೆ, ಹೊಗೆ ಒಟ್ಟಿಗೆ ಮೇಲೆದ್ದವು. ಒಲೆಯ ಒಂದು ಕಲ್ಲು ಜರುಗಿ ಬಾಣಲೆ ನನ್ನ ಕಡೆಗೇ ವಾಲಿತು.

"ಮಂಗಳಾ!"

ತೋಳು ಹಿಡಿದು ಎಳೆದ ರಭಸಕ್ಕೆ ನಾನು ಅವನ ಎದೆಗೆ ಹೋಗಿ ಬಿದ್ದೆ. ನಾನು ನಿಂತಿದ್ದ ಜಾಗದಲ್ಲಿ ಕಾದ ಎಣ್ಣೆ ಚುರ್ರೆಂದು ನೆಲದ ಮೇಲೆ ಹರಿಯಿತು. ಮಕ್ಕಳು ಕಿರುಚಿದರು. ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಅದು ನನ್ನದೋ ಅವನದೋ ಗೊತ್ತಾಗಲಿಲ್ಲ.

ಹೊಗೆ ತೆಳುವಾದಾಗ ಎದುರಿಗೆ ಧನ್ಯ ನಿಂತಿದ್ದಳು. ಕಾಲ ಬಳಿ ಖಾಲಿ ಬಿಂದಿಗೆ ಉರುಳಿತ್ತು. ದಯಾನಂದನ ಕೈ ಮೇಲೆದ್ದಿತು. ನಾನು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಬೇಡ. ಅವಳು ಏನೋ ಹೇಳ್ತಿದ್ದಾಳೆ, ಕೇಳಿ."

ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಆಮೇಲೆ ಒಮ್ಮೆಲೇ ಹೊರಟಿತು. "ಕರು ನೆನ್ನೇನೇ ಹುಟ್ತು! ಅಜ್ಜಿ ಸುಳ್ಳು ಹೇಳ್ತಾಳೆ! ಹಬ್ಬ ವಾಪಸ್ ಬಂದಿಲ್ಲ! ಎಣ್ಣೆ ಇಟ್ರೆ ಮಿಸ್ಸೂ ಸತ್ತೋಯ್ತಾರೆ!"

ಬೇಲಿಯ ಆಚೆಯ ಹೆಂಗಸರು ಸದ್ದಿಲ್ಲದೆ ಜಾಗ ಖಾಲಿ ಮಾಡಿದರು.

ಗುರುಸಿದ್ದಮ್ಮ ಪಡಸಾಲೆಯ ಕಂಬ ಹಿಡಿದುಕೊಂಡು ನಿಧಾನವಾಗಿ ಕೂತರು.

"ಹೂಂ ಕಣವ್ವ," ಎಂದರು. "ನೆನ್ನೆ ಹೊತ್ತು ಮುಳುಗೋ ಹೊತ್ಗೆ ಹಾಕ್ತು. ಇನ್ನೊಂದು ರಾತ್ರಿ ತಡಕಬಾರ್ದಾಗಿತ್ತಾ ಅದು? ಮಗ ಸಂತೆಯಿಂದ ಬರೋ ಹೊತ್ಗೆ ಕತ್ಲಾಗಿತ್ತು, ಅವುನ್ಗೂ ಹೇಳ್ನಿಲ್ಲ. ಈ ಮಗೀಗೆ ಬಾಯಿ ಬಿಡಬ್ಯಾಡ ಅಂದೆ. ಈ ಮನೇಲಿ ಒಂದ್ಸಲ ಹಬ್ಬ ಆಗದು ನೋಡ್ಬೇಕು ಅಂತ ಆಸೆ ಆಯ್ತು. ಅಷ್ಟೇ ಕಣವ್ವ ನಾನ್ ಮಾಡಿದ್ದು."

ನಾನು ದಯಾನಂದನ ಕಡೆ ತಿರುಗಿದೆ. ಇಷ್ಟು ವರ್ಷ ದನ ಕಟ್ಟಿದವನು. "ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಯ್ತು." ನೆಲ ನೋಡಿಕೊಂಡೇ ಹೇಳಿದ. "ಬೆಳಿಗ್ಗೆ ನೋಡ್ದಾಗ್ಲೇ ಕರು ಮೈ ಒಣಗಿತ್ತು. ಗಟ್ಟಿ ನಿಂತು ಹಾಲು ಕುಡೀತಿತ್ತು. ಸುಮ್ನಾದೆ. ನಂಗೂ ಹಬ್ಬ ಬೇಕಿತ್ತು."

ನನಗೆ ಸಿಟ್ಟು ನೆತ್ತಿಗೇರಿತು. "ಗೊತ್ತಿದ್ದೂ ನನ್ನ ಕೈಲಿ ಎಣ್ಣೆ ಇಡಿಸಿದ್ರಾ? ಹಾಗಾದ್ರೆ ನೀವು ಅದನ್ನೆಲ್ಲ ನಂಬೋದಿಲ್ವಾ?"

"ನಂಬಲ್ಲ. ಆದ್ರೂ ಪಕ್ಕದಲ್ಲೇ ನಿಂತಿದ್ದೆ," ಎಂದ.

ನಾನು ಧನ್ಯಳ ಮುಂದೆ ಮೊಣಕಾಲೂರಿ ಕೂತೆ. ಒದ್ದೆ ಫ್ರಾಕು, ಬೂದಿ ಮೆತ್ತಿದ ಕೆನ್ನೆ.

"ಅದಕ್ಕೇನಾ ನನ್ನ ಕೈಯಿಂದ ಕೊಬ್ಬರಿ ಬೇಡ ಅಂದಿದ್ದು?"

"ತಿಂದ್ರೆ ನಿಮ್ಗೆ ನಾನಂದ್ರೆ ಇಷ್ಟ ಆಯ್ತದೆ. ಇಷ್ಟ ಆದ್ರೆ ನಮ್ಮನೆಗೆ ಬತ್ತೀರಾ." ಬಿಕ್ಕಳಿಸಿದಳು. "ಬಂದ್ರೆ ಸಾಯ್ತೀರಾ."

ಇಷ್ಟು ದಿನ ನಾನು ಅವಳ ಬಗ್ಗೆ ಏನೇನೆಲ್ಲ ಅಂದುಕೊಂಡಿದ್ದೆ! ಅವಳನ್ನು ಎಳೆದು ಅಪ್ಪಿಕೊಂಡೆ. ಬಿಡಿಸಿಕೊಳ್ಳಲಿಲ್ಲ. ತಬ್ಬಿಕೊಳ್ಳಲೂ ಇಲ್ಲ, ಸುಮ್ಮನೆ ನಡುಗುತ್ತಿದ್ದಳು.

"ಮಿಸ್," ಪಡಸಾಲೆಯಿಂದ ಇಲಿಯ ಹುಡುಗನ ಸಣ್ಣ ದನಿ ಬಂತು. "ನಮ್ ಕರ್ಜಿಕಾಯಿ ಏನ್ ಮಾಡದು?"

ಅಷ್ಟೂ ಮಕ್ಕಳು ತಟ್ಟೆ ಹಿಡಿದು ಕೂತಿದ್ದರು. ಹಸಿ ಕರ್ಜಿಕಾಯಿಗಳ ಮೇಲೆ ಬಟ್ಟೆ ಮುಚ್ಚಿತ್ತು. ನಾನು ಕಣ್ಣೊರೆಸಿಕೊಂಡು ಎದ್ದೆ.

"ಎಲ್ಲ ನಮ್ಮನೆಗೆ ಎತ್ಕೊಂಡು ನಡೀರಿ. ನಮ್ಮನೇಲೇನು ಹಬ್ಬ ನಿಂತಿಲ್ಲ. ಅತ್ತೆ, ಏನಂತೀರಾ?"

"ಹಂಗೇ ಮಾಡವ್ವ," ಗುರುಸಿದ್ದಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಎಣ್ಣೆ ನಿಮ್ಮನೇಲಿ ಇಟ್ರೆ ಅದು ನಿಮ್ಮನೆ ಹಬ್ಬ. ಇಲ್ಲಿ ಬ್ಯಾಡ. ಇನ್ಮೇಲೆ ಸುಳ್ಳು ಬ್ಯಾಡ ಬುಡು."

* * *

ಮಕ್ಕಳು ತಟ್ಟೆಗಳನ್ನು ಎತ್ತಿಕೊಂಡು ಸಾಲಾಗಿ ಮುಂದೆ ಹೊರಟರು. ಧನ್ಯ ಅವರಿಗಿಂತ ಹಿಂದೆ, ನಮಗಿಂತ ಮುಂದೆ, ಆಗಾಗ ತಿರುಗಿ ನನ್ನನ್ನು ನೋಡುತ್ತ ನಡೆದಳು. ಅವನು ನನ್ನ ಪಕ್ಕ ನಡೆಯುತ್ತಿದ್ದ.

"ಆಗ ಏನಂತ ಕರೆದ್ರಿ ನನ್ನ?"

"ಏನಿಲ್ಲ ಮೇಡಂ."

"ಕೇಳಿಸ್ತು ನಂಗೆ."

ದಾರಿಯ ಕಲ್ಲೊಂದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಆಮೇಲೆ, ಇವತ್ತಲ್ಲದಿದ್ದರೆ ಇನ್ನಾವತ್ತೂ ಆಗದು ಎನ್ನುವ ಹಾಗೆ ನಿಂತುಬಿಟ್ಟ. "ನೀವಂದ್ರೆ ಇಷ್ಟ ಅಂತ ಹೇಳಕ್ಕೇ ನಂಗೆ ಇಷ್ಟು ದಿನ ಭಯ ಇತ್ತು. ಈಗ ನಿಮ್ಮನ್ನ ಆ ಮನೆಗೆ ಕರ್ಕೊಂಡು ಬರಕ್ಕೂ ಭಯ."

"ಯಾವ ಭಯ ಜಾಸ್ತಿ?"

"ನೀವು ಬರ್ದೆ ಹೋದ್ರೆ ಅನ್ನದು."

ಅವನ ಅಂಗಿಯ ತೋಳಿಗೆ ಬೂದಿ ಮೆತ್ತಿತ್ತು. ಒರೆಸಿದೆ. ಹೋಗುವ ಬೂದಿಯಲ್ಲವಾದರೂ ಇನ್ನಷ್ಟು ಹೊತ್ತು ಒರೆಸಿದೆ.

ನಮ್ಮ ಹಿತ್ತಿಲಿನಲ್ಲಿ ಅಪ್ಪ ಒಲೆ ಹೊತ್ತಿಸಿದರು. ನಾನು ಬಾಣಲೆ ಇಟ್ಟೆ. ಧನ್ಯ ದೂರದಲ್ಲಿ ತುಳಸಿ ಕಟ್ಟೆಗೆ ಒರಗಿ ಉಸಿರು ಬಿಗಿಹಿಡಿದು ನೋಡಿದಳು. ಮೊದಲ ಕರ್ಜಿಕಾಯಿ ಎಣ್ಣೆಗೆ ಬಿದ್ದು, ತಿರುಗಿ, ಉಬ್ಬಿ ಮೇಲೆ ಬಂತು. ಏನೂ ಆಗಲಿಲ್ಲ. ಮಕ್ಕಳು ಹೋ ಎಂದರು. ಅವಳ ಭುಜ ಸ್ವಲ್ಪ ಇಳಿಯಿತು.

ಅರ್ಧ ಕರಿಯುವಷ್ಟರಲ್ಲಿ ಉರಿ ತಗ್ಗಿತು. ಬುಟ್ಟಿಯಲ್ಲಿ ಮಟ್ಟೆ ಖಾಲಿ. ನಾನು ಬಾಣಲೆ ಇಳಿಸಿ, ಬುಟ್ಟಿ ಎತ್ತಿಕೊಂಡು ಬೇಲಿಯ ಕಡೆಯ ಮಟ್ಟೆ ರಾಶಿಯತ್ತ ಹೊರಟೆ. ಹಿಂದಿನಿಂದ ಸೀರೆಯನ್ನು ಯಾರೋ ಬಲವಾಗಿ ಜಗ್ಗಿದರು.

"ಅಲ್ಲಿಗೆ ಹೋಗಬ್ಯಾಡಿ!" ಧನ್ಯಳ ಮುಖ ಸುಣ್ಣವಾಗಿತ್ತು. "ಅಮ್ಮಾನೂ ಹಿಂಗೇ ಮಟ್ಟೆ ರಾಶಿಗೆ ಹೋಗಿದ್ದು. ನಾನು ಕರ್ಜಿಕಾಯಿ ಬೇಕು ಅಂತ ಅತ್ನಂತೆ. ಒಲೆ ಆರೋಗಿತ್ತಂತೆ. ಮಟ್ಟೆ ತತ್ತೀನಿ ಇರು ಅಂತ ಹೋದ್ಲಂತೆ."

ಹಿಂದೆ ದಯಾನಂದ್ ಉಸಿರೆಳೆದುಕೊಂಡ ಸದ್ದು ಕೇಳಿಸಿತು. "ಯಾರಮ್ಮ ಹೇಳಿದ್ದು ನಿಂಗೆ?"

"ನಲ್ಲಿ ಹತ್ರ. ಅವ್ರವ್ರೇ ಮಾತಾಡ್ತಿದ್ರು. ನಾನು ಅಳ್ದಿದ್ರೆ ಅಮ್ಮ ಹೋಯ್ತಿರ್ಲಿಲ್ಲ ಅಂತ."

ಅವನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟ. ಮಗಳನ್ನು ತೊಡೆಯ ಮೇಲೆ ಎಳೆದುಕೊಂಡ. "ಕೂಸೇ, ನಿಮ್ಮಮ್ಮ ದಿನಾ ಮಟ್ಟೆ ತರಕ್ಕೆ ಹೋಗೋಳು ಕಣೇ. ನೀನು ನಗ್ತಿದ್ರೂ ಹೋಗೋಳು, ನಿದ್ದೆ ಮಾಡ್ತಿದ್ರೂ ಹೋಗೋಳು. ಅವತ್ತು ಹಾವು ಇತ್ತು, ಅಷ್ಟೆ. ನಿನ್ನಿಂದ ಅಲ್ಲ ಮಗಳೇ. ನಿನ್ನಿಂದ ಅಲ್ಲ." ಅಷ್ಟೊಂದು ಮಾತನ್ನು ಅವನು ಒಟ್ಟಿಗೆ ಆಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಇಬ್ಬರೂ ಅಳುತ್ತಿದ್ದರು.

ಅತ್ತು ಮುಗಿದ ಮೇಲೆ ಧನ್ಯ ನನ್ನ ಕಡೆ ತಿರುಗಿದಳು. ಸೀರೆಯ ತುದಿ ಇನ್ನೂ ಅವಳ ಮುಷ್ಟಿಯಲ್ಲೇ ಇತ್ತು.

"ಸಾಯಲ್ಲ ಅಂತ ಮಾತು ಕೊಡಿ."

ದಯಾನಂದ್ ತಲೆಯೆತ್ತಿ ನನ್ನನ್ನು ನೋಡಿದ. ಕೊಟ್ಟುಬಿಡಿ ಎಂದು ಅವನ ಕಣ್ಣು ಬೇಡುತ್ತಿತ್ತು. ಒಂದೇ ಒಂದು ಮಾತು. ಹೇಳಿದರೆ ಅವಳು ಒಪ್ಪುತ್ತಾಳೆ, ಕಾರ್ತೀಕದಲ್ಲಿ ಮದುವೆ. ಬಾಯಿ ತೆರೆದೆ. ಬೆಳಿಗ್ಗೆಯ ಸುಳ್ಳು ಈ ಮಗುವನ್ನು ಏನು ಮಾಡಿತ್ತೆಂದು ನೋಡಿದ್ದ ನನ್ನ ಬಾಯಿಂದ ಇನ್ನೊಂದು ಸುಳ್ಳು ಹೊರಡಲಿಲ್ಲ.

"ಆ ಮಾತು ಕೊಡೋಕೆ ನಂಗೆ ಬರಲ್ಲ ಕಣಮ್ಮ," ಎಂದೆ. "ಯಾರಿಗೂ ಬರಲ್ಲ. ನಂಗೂ ಭಯ ಆಗುತ್ತೆ. ನೋಡಿಲ್ಲಿ." ನನ್ನ ಕೈ ತೋರಿಸಿದೆ, ಅದು ನಡುಗುತ್ತಿತ್ತು. "ಅಮ್ಮ ಆಗ್ತೀನಿ ಅಂತ ಹೇಳಬಲ್ಲೆ. ಸಾಯಲ್ಲ ಅಂತ ಹೇಳಲಾರೆ."

ಅವಳು ನನ್ನ ನಡುಗುವ ಕೈಯನ್ನೇ ಬಹಳ ಹೊತ್ತು ನೋಡಿದಳು. ನಾನು ಸೋತೆ ಎಂದುಕೊಂಡೆ. ದಯಾನಂದ್ ಎದ್ದು, "ನಾನ್ ತತ್ತೀನಿ ಬುಡಿ," ಎಂದು ಬುಟ್ಟಿಗೆ ಕೈ ಹಾಕಿದ.

"ಅಪ್ಪ, ನೀನೂ ಒಬ್ನೇ ಬ್ಯಾಡ!"

"ಹಂಗಾದ್ರೆ ಗ್ಯಾಸ್ ಮೇಲೆ ಕರಿಯಾನ ಬುಡಮ್ಮ."

"ಇವತ್ತು ಗ್ಯಾಸು," ಎಂದಳು. "ನಾಳೆ ನೀರು ಕಾಯ್ಸೋ ಒಲೆಗೆ ಮಟ್ಟೆ ತರಕ್ಕೆ ಯಾರು ಹೋಯ್ತಾರೆ?"

ಮೂಗು ಒರೆಸಿಕೊಂಡು ಅತ್ತಿತ್ತ ನೋಡಿದಳು. ದಾಸವಾಳದ ಗಿಡಕ್ಕೆ ಊರಿದ್ದ ಕೋಲನ್ನು ಕಿತ್ತಳು, ಗಿಡ ಒಂದು ಕಡೆಗೆ ವಾಲಿಕೊಂಡಿತು. ನನ್ನ ಮುಂದೆ ಬಂದು ನಿಂತಳು. ಕೋಲಿನಿಂದ ನೆಲವನ್ನು ಒಮ್ಮೆ ಜೋರಾಗಿ ಕುಟ್ಟಿದಳು, ಎಡಕ್ಕೆ ಕುಟ್ಟಿದಳು, ಬಲಕ್ಕೆ ಕುಟ್ಟಿದಳು. ಬಗ್ಗಿ ನೋಡಿದಳು.

"ಇಲ್ಲಿಡಿ," ಎಂದಳು.

ಕಾಲಿಟ್ಟೆ.

ಮತ್ತೆ ಕುಟ್ಟಿದಳು. "ಈಗ ಇಲ್ಲಿ."

ನನ್ನ ಹಿಂದೆ ದಯಾನಂದ್, ಬುಟ್ಟಿ ಹಿಡಿದು. ಮಟ್ಟೆ ರಾಶಿ ಹತ್ತಿರವಾದಷ್ಟೂ ಅವಳ ಜಡೆಗಳು ನಡುಗುತ್ತಿದ್ದವು. ಕೋಲು ಮಾತ್ರ ನಿಲ್ಲಲಿಲ್ಲ. ರಾಶಿಯನ್ನು ನಾಲ್ಕು ಕಡೆಯಿಂದ ತಟ್ಟಿದಳು. ಒಂದು ಓತಿಕ್ಯಾತ ಸರಕ್ಕನೆ ಓಡಿತು. ಮೂವರೂ ಒಟ್ಟಿಗೇ ಹಾರಿಬಿದ್ದೆವು. ಅವಳು ಒಂದು ಕೈಯಿಂದ ನನ್ನನ್ನು ಹಿಂದಕ್ಕೆ ತಳ್ಳಿ, ಇನ್ನೊಂದರಲ್ಲಿ ಕೋಲೆತ್ತಿಕೊಂಡು ನನಗೆ ಅಡ್ಡವಾಗಿ ನಿಂತಳು.

ರಾಶಿ ನಿಶ್ಶಬ್ದವಾಯಿತು. ತಿರುಗಿ ನನ್ನನ್ನು ನೋಡಿದಳು. ಕಣ್ಣಿನ ತುಂಬ ಭಯವಿತ್ತು.

"ನಮ್ಮನೇಲೂ ಹಿಂಗೇ," ಎಂದಳು. "ನಾನು ಮುಂದೆ, ನೀನು ಹಿಂದೆ. ಒಬ್ಳೇ ಹೋಗಂಗಿಲ್ಲ."

"ಹೋಗಲ್ಲ," ಎಂದೆ. ಆ ಮಾತನ್ನು ನಾನು ಕೊಡಬಲ್ಲವಳಾಗಿದ್ದೆ.